ಕಾಲಂರಾಯರು

ಮೇಲಿನವರು ಕೇಳಿದ್ದು ಇಷ್ಟೇ: ತಾಲ್ಲೂಕುವಾರು ಸರಾಸರಿ ಮಳೆ, ಸಂಜೆ ಐದರೊಳಗೆ. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದು ಎರಡು ಸಾಲಿನ ಕೆಲಸ. ಫೈಲೂ ತೆರೆದಿದೆ. ಆದರೆ ಕಾಲಂರಾಯರು ಮಳೆಯ ಕಡೆ ತಿರುಗಿಯೂ ನೋಡಿಲ್ಲ. ಅವರ ಕಣ್ಣು ಹದಿನಾಲ್ಕನೇ ಕಾಲಂನಲ್ಲಿ ನೆಟ್ಟಿದೆ. ಜಿಲ್ಲೆಯ ಹೆಸರು ಅಲ್ಲಿ ಹೋಗಿ ಕೂತಿದೆ, ಮಳೆಮಾಪಕದ ಸೀರಿಯಲ್ ನಂಬರಿನ ಹಿಂದೆ! ಇನ್ನು ಅದು ಮುಂದಕ್ಕೆ ಬರುವ ತನಕ ರಾಯರಿಗೆ ಊಟ ಸೇರುವುದಿಲ್ಲ.

ಬೆಂಗಳೂರಿನ ಯಾವ ಡೇಟಾ ಆಫೀಸಿಗೆ ಹೋದರೂ ಇಂಥವರೊಬ್ಬರು ಇರುತ್ತಾರೆ. ವಯಸ್ಸು 28 ಇರಬಹುದು, 58 ಇರಬಹುದು, ರಾಯರಮ್ಮಂದಿರೂ ಉಂಟು. ಮದುವೆಮನೆಯಲ್ಲಿ ಎಲೆಯ ಎಡತುದಿಗೆ ಉಪ್ಪು ಬೀಳದಿದ್ದರೆ ಪಂಕ್ತಿಯನ್ನೇ ನಿಲ್ಲಿಸಿ ಬಡಿಸುವವನನ್ನು ವಿಚಾರಿಸಿಕೊಳ್ಳುವ ಹಿರಿಯರಿದ್ದಾರಲ್ಲ, ಅದೇ ವಂಶ.

ಆರ್ ಹುಟ್ಟಿದ್ದು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ, ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಅವರ ಕೈಯಲ್ಲಿ. ಅದರ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಆ ದಿನ ಆಫೀಸಿಗೆಲ್ಲ ಸಿಹಿ ಹಂಚುವುದಾಗಿ ರಾಯರು ಹೇಳುತ್ತಲೇ ಇರುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಬರುವ ತಾರೀಕಾದ್ದರಿಂದ ಹೇಳುವುದಕ್ಕೆ ಖರ್ಚೇನೂ ಇಲ್ಲ.

ಹೊಸಬರಿಗೆ ಪಾಠ ಮಾಡಲೆಂದು ಆರ್ ಜೊತೆಯಲ್ಲೇ ಬರುವ ಟೇಬಲ್‌ಗಳ ಮೇಲೆ ಅವರಿಗೆ ಹಳೆಯ ಸಿಟ್ಟು. ಐರಿಸ್ ಹೂಗಳದ್ದೊಂದಿದೆ, ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರ ತಮ್ಮ ಲೇಖನದಲ್ಲಿ ಬಳಸಿದ್ದು. 150 ಹೂ, ಐದು ಕಾಲಂ. ಎಸಳಿನ ಉದ್ದ, ಅಗಲ ಎಲ್ಲ ಹೇಳಿ ಮುಗಿದ ಮೇಲೆ ಕಟ್ಟಕಡೆಗೆ ಹೂವಿನ ಜಾತಿ. "ಯಾರ ಮನೆ ಹುಡುಗ ಅಂತ ಹೇಳದೇ ಕಾಲರ್ ಸೈಜು ಹೇಳ್ತಾರೇನ್ರೀ?" ಎನ್ನುತ್ತಾರೆ. ಅಮೆರಿಕದ ಮೋಟರ್ ಟ್ರೆಂಡ್ ಪತ್ರಿಕೆಯ 1974ರ ಅಂಕಿಗಳಿಂದ ಮಾಡಿದ 32 ಕಾರುಗಳ ಟೇಬಲ್ ಅವರ ಪಾಲಿಗೆ ಇನ್ನೂ ದೊಡ್ಡ ಅನಾಚಾರ. ಅಲ್ಲಿ ಹನ್ನೊಂದು ಕಾಲಂ ಇದ್ದೂ ಕಾರಿನ ಹೆಸರಿಗೊಂದು ಕಾಲಂ ಇಲ್ಲ. ಪಾಪ, ಅದು ಸಾಲಿನ ಹೆಸರಾಗಿ ಟೇಬಲ್ಲಿನ ಹೊರಗೆ ನಿಂತಿದೆ.

ಕಾಲಂಗಳನ್ನು ನಂಬರ್ ಹಾಕಿ ಜೋಡಿಸುವವರನ್ನು ಕಂಡರೆ ರಾಯರಿಗೆ ಆಗದು. ಮೂರನೆಯದು ಮೊದಲು, ಒಂದನೆಯದು ಆಮೇಲೆ ಎಂದು ಬರೆದಿಟ್ಟರೆ ಇವತ್ತೇನೋ ಸರಿಹೋಗುತ್ತದೆ. ನಾಳೆ ಫೈಲು ಕಳಿಸುವವರು ನಡುವೆ ಒಂದು ಕಾಲಂ ತುರುಕಿದರೆ ಮುಂದಿನದೆಲ್ಲ ಒಂದೊಂದು ಮನೆ ಜರುಗುತ್ತದೆ. ಹೊಸ ಹುಡುಗಿಯೊಬ್ಬಳು ಹೀಗೇ ಏಳನೇ ಕಾಲಂನ ಸರಾಸರಿ ತೆಗೆದಳು. ಬಂದದ್ದು ಜಿಲ್ಲೆಯ ಸರಾಸರಿ ಮೊಬೈಲ್ ನಂಬರು.

"ಹೆಸರು ಹಿಡಿದು ಕರೀಬೇಕಮ್ಮ, ನಂಬರ್ ಹಾಕಿ ಕರೆಯೋಕೆ ಅವೇನು ಖೈದಿಗಳಾ?" ಎಂದರು ರಾಯರು.

"ಸರಿ ಸರ್," ಎಂದು ಅವಳು ಸೆಲೆಕ್ಟ್ ಎಂಬ ಆಜ್ಞೆಯಲ್ಲಿ ಮೂರು ಹೆಸರು ಬರೆದಳು. ಮೂರು ಕಾಲಂ ಉಳಿದವು, ಮಿಕ್ಕ ಇಪ್ಪತ್ತು ಮಾಯ. ಕೊನೆಗೆ ಎವೆರಿಥಿಂಗ್ ಎಂದು ಸೇರಿಸದಿದ್ದರೆ ಹೆಸರಿಸದವರನ್ನೆಲ್ಲ ಅದು ಮನೆಗೆ ಕಳಿಸುತ್ತದೆ. ಈ ವಿಷಯದಲ್ಲಿ ರಾಯರು ಹೇಳುವುದು ಅಕ್ಷರಶಃ ನಿಜ, ಎಷ್ಟು ಉದ್ದಕ್ಕೆ ಹೇಳುತ್ತಾರೆ ಎಂಬುದಷ್ಟೇ ನನ್ನ ತಕರಾರು.

ಅವರ ಬಾಳಿನ ಮಹಾಪರ್ವ 2020ರ ಮೇ ತಿಂಗಳು. ನಾವೆಲ್ಲ ತರಕಾರಿಯನ್ನು ಸೋಪುನೀರಿನಲ್ಲಿ ತೊಳೆಯುತ್ತಿದ್ದಾಗ ಆರ್‌ನ ಡಿಪ್ಲೈಯರ್ ಪ್ಯಾಕೇಜಿನ 1.0.0 ಆವೃತ್ತಿ ಬಂತು, ಅದರೊಳಗೆ ರಿಲೊಕೇಟ್ ಎಂಬ ಆಜ್ಞೆ. ಕಾಲಂನ ಹೆಸರು ಹೇಳಿದರೆ ಸಾಕು, ಯಾವ ಶಿಫಾರಸೂ ಇಲ್ಲದೆ ಮುಂದಿನ ಸಾಲಿಗೆ ಬಂದು ಕೂರುತ್ತದೆ; ಇಂಥದ್ದರ ಹಿಂದೆ, ಇಂಥದ್ದರ ಮುಂದೆ ಎಂದರೆ ಅಲ್ಲಿಗೇ ಹೋಗುತ್ತದೆ; ಒಂದೂ ಕಳೆದುಹೋಗುವುದಿಲ್ಲ. ರಾಯರು ಅಂದು ವಾಟ್ಸಾಪಿನಲ್ಲಿ ಕಳಿಸಿದ ಸಂತೋಷದ ಸಂದೇಶಗಳನ್ನು ಕಂಡು ಲಸಿಕೆಯೇ ಬಂತೆಂದು ಕೆಲವರು ತಿಳಿದಿದ್ದರು. ಡೇಟಾ.ಟೇಬಲ್ ಎಂಬ ಇನ್ನೊಂದು ಪ್ಯಾಕೇಜಿನ ಪಕ್ಷದವರು ಒಪ್ಪಲಿಲ್ಲ. ತಮ್ಮ ಸೆಟ್‌ಕಾಲ್‌ಆರ್ಡರ್ ಎಷ್ಟೋ ಹಿಂದಿನಿಂದ ಇದೆ, ನಕಲು ಮಾಡದೆ ಮೂಲ ಟೇಬಲನ್ನೇ ತಿದ್ದುತ್ತದೆ, ಕೋಟಿ ಸಾಲಿದ್ದರೂ ಅಂಜದು ಎಂದರು. ಕ್ಯಾಂಟೀನಿನಲ್ಲಿ ಈ ಎರಡು ಪಕ್ಷಗಳ ನಡುವೆ ಕೂತು ಕಾಫಿ ಕುಡಿಯುವುದು ಕ್ಷೇಮವಲ್ಲ.

ಇಷ್ಟಾದರೂ ಸರಾಸರಿಗೆ ಕಾಲಂಗಳ ಕ್ರಮದ ಹಂಗಿಲ್ಲ. ಮಳೆ ಮೊದಲ ಕಾಲಂನಲ್ಲಿದ್ದರೂ ಅಷ್ಟೇ, ಕೊನೆಯದರಲ್ಲಿದ್ದರೂ ಅಷ್ಟೇ ಮಿಲಿಮೀಟರು. ಎರಡು ಟೇಬಲ್‌ಗಳನ್ನು ಒಂದರ ಕೆಳಗೊಂದು ಸೇರಿಸುವಾಗಲೂ ಆರ್ ಹೆಸರು ನೋಡಿ ಹೊಂದಿಸಿಕೊಳ್ಳುತ್ತದೆ, ಜಾಗ ನೋಡಿ ಅಲ್ಲ. ರಾಯರಿಗೆ ಇದು ಗೊತ್ತಿಲ್ಲವೆ? ಚೆನ್ನಾಗಿ ಗೊತ್ತು. ಮೇಲಿನವರು ಎಡಗಡೆಯ ಮೂರು ಕಾಲಂ ಬಿಟ್ಟು ಮುಂದೆ ಓದುವುದಿಲ್ಲವೆಂಬುದೂ ಗೊತ್ತು. ರಾಯರ ಶಕ್ತಿಯೆಲ್ಲ ಇರುವುದು ಅಲ್ಲೇ.

ಐದೂ ಕಾಲಾಯಿತು. "ರಾಯರೇ, ಮಳೆ ಏನಾಯ್ತು?"

"ಜಿಲ್ಲೆ ಮುಂದಕ್ಕೆ ತಂದಾಯ್ತು ಸರ್, ತಾಲ್ಲೂಕೂ ಬಂತು. ಇಸವಿಯನ್ನ ಹೋಬಳಿಗಿಂತ ಮೊದಲು ಇಡೋಣವೋ ಆಮೇಲೋ, ತಾವು ಹೇಳಿದ ಹಾಗೆ."

ಮೇಲಿನವರು ಹುಡುಗಿಯ ಕಡೆ ನೋಡಿದರು. ಅವಳು ಸರಾಸರಿಯನ್ನು ಮೂರು ಗಂಟೆಗೇ, ಈ ಬಾರಿ ಹೆಸರು ಹಿಡಿದೇ, ತೆಗೆದಿಟ್ಟಿದ್ದಳು.

ನಿಮ್ಮಲ್ಲೂ ಇಂಥವರಿದ್ದರೆ ಜಗಳಕ್ಕೆ ಹೋಗಬೇಡಿ, ಒಂದೇ ಕಾಲಂ ಇರುವ ಫೈಲು ಕೊಟ್ಟುಬಿಡಿ. ಸಾಲುಗಳನ್ನು ಜೋಡಿಸಲು ಅರೇಂಜ್ ಎಂಬ ಇನ್ನೊಂದು ಆಜ್ಞೆ ಇರುವುದನ್ನು ಮಾತ್ರ ಅವರ ಮುಂದೆ ಎತ್ತಬೇಡಿ.