ರಿಬ್ಬನ್ ಕತ್ತರಿಸಿದ ಕತ್ತರಿಗೆ

ಮಾನ್ಯ ಕತ್ತರಿಯವರೇ,

ನಮ್ಮ ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕದ ಮೂರನೇ ಹಾಸಿಗೆಯವನ ನಮಸ್ಕಾರಗಳು. ಬೆಳ್ಳಿ ತಟ್ಟೆಯಲ್ಲಿ ಕೂತು ಬಂದು, ಕಚಕ್ಕೆಂದು ರಿಬ್ಬನ್ ತುಂಡರಿಸಿ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕ್ಷೇಮವಷ್ಟೇ? ನಾನು ಸೋಮವಾರ ಮತ್ತು ಗುರುವಾರ ಕ್ಷೇಮ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಎಂದು ಡಾಕ್ಟರು ಬರೆದಿದ್ದಾರೆ. ಸರದಿ ಸಿಗುವುದು ಎರಡೇ ಸಲ. ಮೂರನೆಯದರ ಲೆಕ್ಕವನ್ನು ನನ್ನ ಕಾಲಿನ ಬಾವು ಇಟ್ಟುಕೊಂಡಿದೆ.

ನೀವು ಉದ್ಘಾಟಿಸಿದ ಯಂತ್ರ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಕುಡಿಯುತ್ತದೆ. ನನಗೆ ದಿನಕ್ಕೆ ಮೂರೇ ಲೋಟ. ಎದುರಿಗೇ ನಿಂತು ಕುಡಿಯುತ್ತದೆ, ನಾಚಿಕೆಯಿಲ್ಲ! ಆ ನೀರು ಸೋಸುವ ಆರ್.ಒ. ಕೆಟ್ಟಾಗ ಹತ್ತು ದಿನ ರಿಪೇರಿಯಾಗಲಿಲ್ಲ. ರಿಪೇರಿಗೆ ರಿಬ್ಬನ್ ಕಟ್ಟುವ ಪದ್ಧತಿ ಇಲ್ಲವಲ್ಲ. ಇರುವ ಟೆಕ್ನಿಷಿಯನ್ ಹುಡುಗ ಒಬ್ಬನೇ. ಅವನಿಗೆ ಮದುವೆ ಗೊತ್ತಾದಾಗ ಇಡೀ ಊರಲ್ಲಿ ಮುಖ ಸಪ್ಪಗೆ ಮಾಡಿಕೊಂಡವರು ನಾವು ಹನ್ನೊಂದು ಜನ.

2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು, ಬಡವರಿಗೆ ಉಚಿತ. ಸುಳ್ಳಲ್ಲ, ಉಚಿತವೇ. ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ಸೂ ಉಚಿತ. ನನಗೆ ಟಿಕೆಟ್ಟು, ಅವಳಿಗೆ ಎರಡು ದಿನದ ಕೂಲಿ ಖೋತಾ. ರಕ್ತ ಏರಿಸುವ ಇಂಜೆಕ್ಷನ್ ಒಳಗೆ ಮುಗಿದ ದಿನ ಹೊರಗಿನ ಮೆಡಿಕಲ್ ಶಾಪು. ನೋಡಲು ಬರುವ ನೆಂಟರು ಮಾತ್ರ ಕೈ ಬೀಸಿಕೊಂಡು ಬರುವುದಿಲ್ಲ, ಎಳನೀರು ತರುತ್ತಾರೆ. ಅದರಲ್ಲಿರುವ ಪೊಟ್ಯಾಸಿಯಂ ನನ್ನಂಥವರ ಎದೆಬಡಿತವನ್ನೇ ನಿಲ್ಲಿಸಬಲ್ಲದು ಎಂದರೆ, "ತಂಪು ಕಣೋ, ಕುಡಿ" ಎನ್ನುತ್ತಾರೆ.

ಕಾಗದ ಬರೆದದ್ದು ಇದಕ್ಕಲ್ಲ. ನನಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಪ್ರತಿ ತಿಂಗಳೂ ಬೆರಳು ಚುಚ್ಚಿದರು, ಮಾತ್ರೆ ಕೊಟ್ಟರು. ಮಂಡಿನೋವಿಗೆ ನಾನೇ ಅಂಗಡಿಯಿಂದ ನೋವಿನ ಮಾತ್ರೆ ತಂದು ಕಡಲೆಪುರಿಯಂತೆ ತಿಂದೆ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂದು ಒಂದು ಪಟ್ಟಿ ಅದ್ದಿ ನೋಡಿದವರಿಲ್ಲ. ರಕ್ತದ ಕ್ರಿಯಾಟಿನಿನ್ ಬಲು ಸಂಕೋಚದ ಪ್ರಾಣಿ. ಮೂತ್ರಪಿಂಡದ ಅರ್ಧ ಶಕ್ತಿ ಹೋಗುವವರೆಗೂ ಬಾಯಿ ಬಿಡದೆ ಇದ್ದೀತು. ಪಟ್ಟಿ ಚಾಡಿಕೋರ, ವರ್ಷಗಳ ಮೊದಲೇ ಹೇಳಿಬಿಡುತ್ತಿತ್ತು. ಆಗ ಬಿ.ಪಿ., ಸಕ್ಕರೆ ಹಿಡಿತಕ್ಕೆ ತಂದಿದ್ದರೆ ನಾನು ಈ ಹಾಸಿಗೆಗೆ ಇಷ್ಟು ಬೇಗ ಬರುತ್ತಿರಲಿಲ್ಲ. ಬಾರದೆಯೂ ಇರಬಹುದಿತ್ತು.

ಆದರೆ ಮೂತ್ರದ ಡಬ್ಬಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಯಾವ ಸಾಹೇಬರು ಒಪ್ಪುತ್ತಾರೆ? ಅದಕ್ಕೇ ನೇರವಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ. ನೀವು ಹೋದಲ್ಲಿ ಅವರು ಬಂದೇ ಬರುತ್ತಾರೆ. ನಮ್ಮೂರ ಆರೋಗ್ಯ ಕೇಂದ್ರದ ಆ ಡಬ್ಬಿಗೆ ಕೆಂಪು ರಿಬ್ಬನ್ ನಾನೇ ಕಟ್ಟಿಸುತ್ತೇನೆ, ಬೆಳ್ಳಿ ತಟ್ಟೆ ಎರವಲು ತರುತ್ತೇನೆ.

ಮಂಗಳವಾರ ಬನ್ನಿ. ಸೋಮವಾರ, ಗುರುವಾರವಾದರೆ ನನ್ನ ಎಡಗೈಯಲ್ಲಿ ಎರಡು ಸೂಜಿ ಇರುತ್ತವೆ, ಚಪ್ಪಾಳೆ ತಟ್ಟಲಾಗುವುದಿಲ್ಲ.

ಇಂತಿ ತಮ್ಮ,
ಮೂರನೇ ಹಾಸಿಗೆ