ಬೀಗದ ಕೈ ಮಾಮನದು, ಮನೆ ಯಾರದು?

ಕೋರ್ಟಿನಿಂದ ರಿಟೈರಾದವನ ಪಕ್ಕದ ಮನೆಯವರಿಗೆ ವಕೀಲರ ಫೀಸು ಉಳಿಯುತ್ತದೆ. ರಾಜೀವನಗರದ ನಮ್ಮ ಬೀದಿಯಲ್ಲಿ ಹಾಗೆ ಉಳಿಸುವವರ ಪೈಕಿ ಭಾಯ್ ಮೊದಲಿಗರು. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿದ್ದವರು. ಕಾಂಪೌಂಡ್ ಗೋಡೆಗೆ ಮೊಣಕೈ ಊರಿದರೆಂದರೆ ಯಾರದೋ ಮನೆಯ ವ್ಯಾಜ್ಯ ಬಂತೆಂದೇ ಅರ್ಥ.

“ಶಿರಸ್ತೇದಾರ್ರೇ, ಹಿಂದಿನ ಕ್ರಾಸಿನ ಹಾಜಿ ಸಾಹೇಬ್ರು ವಿಲ್ ಬರೆದಿಟ್ಟು ಹೋದ್ರಲ್ಲ! ಮನೆ ಮಾರಿ ಸಾಲ ತೀರಿಸಿ, ಮೂರನೇ ಒಂದು ಪಾಲು ಯತೀಂಖಾನೆಗೆ ಕೊಟ್ಟು, ಮಿಕ್ಕಿದ್ದು ಮಕ್ಕಳಿಗೆ ಹಂಚಿ ಅಂತ. ವಿಲ್ ಜಾರಿ ಮಾಡಬೇಕಾದ ಎಕ್ಸಿಕ್ಯೂಟರ್ ಮಕ್ಕಳ ಮಾಮಾ. ಕೆಳಗಡೆ ಇರೋ ಮಗ ಖಾಲಿ ಮಾಡಲ್ಲ ಅಂತಾನೆ. ಹೆಣ್ಮಕ್ಕಳಿಬ್ಬರೂ ಮಾರಿ ಅಂತಾರೆ. ಈಗ ಮನೆ ಯಾರದು?”

“1925ರ ಉತ್ತರಾಧಿಕಾರ ಕಾಯಿದೆ ಪ್ರಕಾರ ಆಸ್ತಿ ಎಕ್ಸಿಕ್ಯೂಟರ್ ಕೈಗೆ ಬರುತ್ತೆ ಭಾಯ್. ಬಾಡಿಗೆ ವಸೂಲಿ ಮಾಡಬಹುದು, ಕಂದಾಯ ಕಟ್ಟಬಹುದು, ಕೋರ್ಟಿಗೂ ಹೋಗಬಹುದು. ಆದರೆ ಮಾಲೀಕ ಆಗೋದಿಲ್ಲ.”

“ಅಂದ್ರೆ ನಮ್ಮ ಕಂಡಕ್ಟರ್ ಕೆಲಸ. ಚೀಲದ ತುಂಬ ದುಡ್ಡು, ಒಂದು ರೂಪಾಯೂ ನಮ್ಮದಲ್ಲ.”

“ಡಿಪೋದಲ್ಲಿ ಲೆಕ್ಕ ಒಪ್ಪಿಸೋದೂ ತಪ್ಪಲ್ಲ.”

“ಮಗನ್ನ ಮಾಮಾ ಹೊರಗೆ ಹಾಕಬಹುದಾ?”

“ಬೀಗ ಒಡೆಯೋ ಹಾಗಿಲ್ಲ. ನಿಮ್ಮ ಶರೀಯತ್ ಪ್ರಕಾರ ಮಯ್ಯತ್ ಖರ್ಚು, ಸಾಲ, ಆಮೇಲೆ ಮಿಕ್ಕಿದ್ದರಲ್ಲಿ ಮೂರನೇ ಒಂದರವರೆಗೆ ವಸೀಯತ್ತು, ಅಷ್ಟರ ಮಟ್ಟಿಗೆ ಮಾಮನ ಮಾತು ಗಟ್ಟಿ. ಉಳಿದದ್ದು ಹಾಜಿಗಳು ಕಣ್ಣು ಮುಚ್ಚಿದ ದಿನವೇ ವಾರಸುದಾರರದಾಯ್ತು, ಮಗನಿಗೆ ಎರಡು ಪಾಲಾದರೆ ಮಗಳಿಗೊಂದು. ಆ ಪಾಲಿಗೆ ಮಾಮಾ ಬರೀ ಕಾವಲು. ಮೂವರನ್ನೂ ಕೂರಿಸಿ ಒಪ್ಪಿಸದೆ ಮಾರೋಕೆ ಹೋದರೆ ಪಾರ್ಟಿಷನ್ ಸೂಟು ಬಿತ್ತು ಅಂತಲೇ ಲೆಕ್ಕ.”

“ವಿಲ್ಲಿಗೆ ಕೋರ್ಟಿನ ಪ್ರೊಬೇಟ್ ಆಗಿಲ್ಲ, ಅದು ನಡೆಯಲ್ಲ ಅಂತಾನೆ ಮಗ.”

“ಮುಸಲ್ಮಾನರ ವಿಲ್ಲಿಗೆ ಅದು ಕಡ್ಡಾಯ ಅಲ್ಲ. ಬಾಯಿಮಾತಿನ ವಸೀಯತ್ತೂ ನಡೆಯುತ್ತೆ, ರುಜುವಾತು ಮಾಡಬೇಕು ಅಷ್ಟೆ.”

ಭಾಯ್ ದನಿ ತಗ್ಗಿಸಿದರು. “ವಿಲ್ ಬರೆಸಿದ್ದೇ ಮಾಮಾ ಅಂತಾನೂ ಗುಲ್ಲಿದೆ.”

ಇಲ್ಲಿ ನನಗೂ ಹುರುಪು ಬಂತು. ವಿಲ್ಲಿನ ವ್ಯಾಜ್ಯದಲ್ಲಿ ಇಡೀ ದೇಶದ ವಕೀಲರು ಇವತ್ತಿಗೂ ಓದಿ ಹೇಳುವ ತೀರ್ಪು ನಮ್ಮ ಮೈಸೂರು ಸೀಮೆಯ ಮೊಕದ್ದಮೆಯದು. 1945ರಲ್ಲಿ ಲಕ್ಷ್ಮಮ್ಮ ಎಂಬುವರು ಬರೆದರೆನ್ನಲಾದ ವಿಲ್ಲು. ಎಕ್ಸಿಕ್ಯೂಟರ್ ವೆಂಕಟಾಚಲ ಅಯ್ಯಂಗಾರ್ಯರು ಆಸ್ತಿಯನ್ನು ತಮ್ಮ ವಶಕ್ಕೆ ಕೊಡಿಸಿ ಎಂದು ದಾವೆ ಹೂಡಿದರು. 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪು ಅವರ ಪರವಾಗಿ ಬರಲಿಲ್ಲ. ವಿಲ್ಲು ಬರೆಸುವುದರಲ್ಲಿ ಅವರೇ ಮುಂದೆ ನಿಂತಿದ್ದರು. ಬರೆಸಿದವನಿಗೇ ಲಾಭವೂ ಇದ್ದರೆ ಅನುಮಾನ ಸಹಜ. ಆ ಅನುಮಾನ ಕಳೆಯಬೇಕಾದವನು ವಿಲ್ಲು ಹಿಡಿದು ಬಂದವನೇ, ಬರೀ ಸಹಿ ತೋರಿಸಿದರೆ ಸಾಲದು ಎಂದಿತು ಕೋರ್ಟು.

“ನಮ್ಮ ಮಾಮನಿಗೆ ವಿಲ್ಲಲ್ಲಿ ಒಂದು ಕಾಸೂ ಇಲ್ಲ,” ಎಂದರು ಭಾಯ್.

“ಹಾಗಾದ್ರೆ ಗಟ್ಟಿ ಮನುಷ್ಯ. ಆಸ್ತಿ ಪಟ್ಟಿ, ಸಾಲದ ಪಟ್ಟಿ ಬರೆದು ಮೂವರಿಗೂ ಜೆರಾಕ್ಸ್ ಕೊಡಲಿ. ಬಾಡಿಗೆ ದುಡ್ಡಿಗೆ ಬೇರೆ ಖಾತೆ ತೆಗೆಯಲಿ. ಪಾಲಿಲ್ಲದವನೇ ಪಾಲು ಮಾಡೋಕೆ ಲಾಯಕ್ಕು.”

ಭಾಯ್ ಹೊರಡಲಿಲ್ಲ. ಗೋಡೆಯ ಮೇಲಿನ ಪಾಚಿ ಕೆರೆಯುತ್ತ ನಿಂತರು.

“ಇನ್ನೊಂದು ವಿಷಯ. ಮನೇನ ಮಾಮನೇ ಕೊಂಡ್ಕೋತಾರಂತೆ. ತಮ್ಮ ಮಗನ ಹೆಸರಲ್ಲಿ. ಮಾರ್ಕೆಟ್ ರೇಟಿಗೇ ಅಂತೆ.”

“ಎಕ್ಸಿಕ್ಯೂಟರ್ ನೇರವಾಗಿ ಕೊಂಡರೂ, ಸುತ್ತು ಬಳಸಿ ಕೊಂಡರೂ ಅಷ್ಟೆ ಭಾಯ್. ಹಕ್ಕಿರೋರಲ್ಲಿ ಯಾರು ಕೋರ್ಟಿಗೆ ಹೋದರೂ ಆ ಕ್ರಯವನ್ನ ರದ್ದು ಮಾಡಿಸಬಹುದು.”

“ಅಯ್ಯೋ! ಇದನ್ನ ಮಾಮನಿಗೆ ಹೇಳೋರ್ಯಾರು?”

“ಮಾಮನಿಗೆ ಯಾಕೆ ಹೇಳ್ತೀರಿ? ಹೆಣ್ಮಕ್ಕಳಿಗೆ ಹೇಳಿ.”