ಪೇಪರ್ ಸರ್

ಐನಾಪುರದ ಬಸ್ಸಿನಲ್ಲಿ ಎಲ್ಲರೂ ಫ್ಯಾಕ್ಟರಿ ಕಬ್ಬಿಗೆ ಟನ್ನಿಗೆ ಎಷ್ಟು ಕೊಟ್ಟಿತೆಂದು ವಾದಿಸುತ್ತಿರುವಾಗ, ಫೈಲು ತೊಡೆಯ ಮೇಲಿಟ್ಟುಕೊಂಡು 'ನಿಮ್ಮ ಜರ್ನಲ್‌ದು ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟೈತ್ರಿ?' ಎಂದು ಫೋನಿನಲ್ಲಿ ಕೇಳುತ್ತಿರುವವರೇ ನಮ್ಮ ಪೇಪರ್ ಸರ್. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಅವರ ಹುದ್ದೆ, ಶಾಲಾ ಆರೋಗ್ಯ ಶಿಕ್ಷಣ ಅವರ ಸಂಶೋಧನೆ. ಮೈದಾನದಲ್ಲಿ ಅವರನ್ನು ಕಂಡವರು ಕಡಿಮೆ, ಝೆರಾಕ್ಸ್ ಅಂಗಡಿಯಲ್ಲಿ ಕಾಣದವರಿಲ್ಲ.

2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಬಡ್ತಿಗೆ, ಪೇಪರ್ ಪ್ರಕಟಿಸಿದಷ್ಟೂ ಏರುವ ಎಪಿಐ ಅಂಕ ಕಡ್ಡಾಯ ಮಾಡಿದ್ದೇ ತಡ, ಸರ್ ಪೆನ್ನು ಹಿಡಿದರು. ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು. ಹೆಸರಿನಲ್ಲಿ 'ಇಂಟರ್‌ನ್ಯಾಷನಲ್' ಇದ್ದರಾಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನ ಮಾನ್ಯತಾ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತೊಗೆದ ದಿನ ಸರ್ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆಮೇಲೆ ಆ ಪಟ್ಟಿಯ ಜಾಗಕ್ಕೆ ಬಂದ ಕೇರ್ ಪಟ್ಟಿ ಅವರನ್ನು ಇನ್ನಷ್ಟು ಸೊರಗಿಸಿತು. 2025ರ ಫೆಬ್ರುವರಿಯಲ್ಲಿ ಅದೂ ರದ್ದಾಯಿತೆಂದಾಗ ಸ್ಟಾಫ್ ರೂಮಿಗೆಲ್ಲ ಬೆಳಗಾವಿ ಕುಂದಾ ಹಂಚಿದರು.

ಅವರ ಸಮೀಕ್ಷೆ ನೋಡಬೇಕು. ಐನಾಪುರದ ಶಾಲೆಯೊಂದರ ಬೇವಿನ ಗಿಡದ ಕೆಳಗೆ ಮಕ್ಕಳನ್ನು ಸಾಲಾಗಿ ಕೂರಿಸಿ ಪ್ರಶ್ನಾವಳಿ ಹಂಚುತ್ತಾರೆ. 'ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯುತ್ತೀರಾ?' ಸರ್ ಎದುರಿಗೇ ನಿಂತಿರುವಾಗ 'ಇಲ್ಲ' ಎನ್ನುವ ಧೈರ್ಯ ಯಾರಿಗಿದೆ? ಎಲ್ಲರದೂ 'ಹೌದು'. ಒಬ್ಬ ಹುಡುಗಿ ಮಾತ್ರ, 'ಸರ, ಸಾಬಾಣ ಎಲ್ಲೈತ್ರಿ?' ಎಂದಳು. 'ಅದು ಪ್ರಶ್ನಾವಳಿಯೊಳಗಿಲ್ಲ, ಕುಂದ್ರವ್ವ' ಎಂದರು ಸರ್.

ಈ ಸಮೀಕ್ಷೆಯ ಪೇಪರ್ ಒಂದು ಜರ್ನಲ್‌ನಲ್ಲಿ ಬಂದ ಮೇಲೆ, ಅದೇ ಪೇಪರ್ ಐನಾಪುರ ಹೋಗಿ ಅಥಣಿ ಎಂದಾಗಿ ಮತ್ತೊಂದು ಜರ್ನಲ್‌ನಲ್ಲಿ ಬಂತು. ಕಂಪ್ಯೂಟರಿನಲ್ಲಿ ಊರಿನ ಹೆಸರಷ್ಟೇ ಬದಲಿಸಿದ್ದರಿಂದ ಐನಾಪುರದ ಕಡೆಯ ಕೃಷ್ಣಾ ನದಿಯೂ ಅಥಣಿ ಪೇಟೆಯ ಪಕ್ಕಕ್ಕೆ ಬಂದು ಹರಿಯತೊಡಗಿತು. ಕಾಲುವೆ, ಪಂಪ್‌ಹೌಸ್ ಎಂದು ಕೋಟಿಗಟ್ಟಲೆ ಸುರಿಯುವ ನೀರಾವರಿಯವರು ಸರ್ ಅವರನ್ನು ಒಮ್ಮೆ ಕೇಳಬೇಕಿತ್ತು.

ಫೆಬ್ರುವರಿಯ ಜಂತುಹುಳು ನಿವಾರಣಾ ದಿನ ಸರ್ ಐನಾಪುರದ ಆ ಶಾಲೆಗೆ ತಪ್ಪದೆ ಬರುತ್ತಾರೆ. ಮಕ್ಕಳು 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ಅಗಿಯುತ್ತ ಮುಖ ಕಿವುಚುವಾಗ, ಬ್ಯಾನರಿನ ಮುಂದೆ ಅವರದೊಂದು ಫೋಟೊ. ಅದು ಮುಂದಿನ ಪೇಪರಿನಲ್ಲಿ 'ಚಿತ್ರ 1'.

ಆ ಶಾಲೆಯ ಶಿಕ್ಷಕಿ ಅಕ್ಕೋರು 2020ರ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರಂತೆ ನೇಮಿಸಿದ ಆರೋಗ್ಯ ರಾಯಭಾರಿಗಳಲ್ಲಿ ಒಬ್ಬರು. ಒಮ್ಮೆ ಕೇಳಿದರು: 'ಸರ, ನಿಮ್ಮ ಪೇಪರಿನ್ಯಾಗ ನಮ್ಮ ನಳದ ಹತ್ರ ಸಾಬಾಣ ಇಲ್ಲ ಅಂತ ಒಂದು ಸಾಲು ಬರೀರಿ. ಎಸ್‌ಡಿಎಂಸಿ ಅಧ್ಯಕ್ಷರಿಗೆ ತೋರಸ್ತೀನಿ.'

'ಬರದೇನ್ರಿ ಅಕ್ಕೋರ, ಶಿಫಾರಸಿನ್ಯಾಗ ಐತಿ. ಆದರ ಇಂಗ್ಲೀಷಿನ್ಯಾಗ ಐತಿ.'

ಅಕ್ಕೋರು ಕಾಯಲಿಲ್ಲ. ಉಳ್ಳಾಗಡ್ಡಿಯ ಜಾಳಿಗೆ ಚೀಲ ಕತ್ತರಿಸಿ, ಸಾಬೂನು ತುರುಕಿ, ನಳಕ್ಕೆ ಬಿಗಿದು ಕಟ್ಟಿದರು. ಊಟದ ಗಂಟೆಗೆ ಮಕ್ಕಳು ಮೊಣಕೈತನಕ ನೊರೆ ಮಾಡಿಕೊಂಡು ನಿಂತಿದ್ದನ್ನು ಕಂಡ ಸರ್ ಕಣ್ಣು ಅರಳಿದವು.

'ಅಕ್ಕೋರ, ಇದರ ಮ್ಯಾಲ ಒಂದು ಪೇಪರ್ ಆಗ್ತೈತಿ! ನಂದು, ನಮ್ಮ ಮನಿಯವರದು, ಪ್ರಿನ್ಸಿಪಾಲರದು, ನಾಕನೇದ್ದು ನಿಮ್ಮ ಹೆಸರು. ಮೊದಲನೇದವರಿಗೆ ಶೇ. 70, ನಿಮಗೂ ಶೇ. 30 ಪಾಯಿಂಟ್ ಬರ್ತಾವು.'

'ಪಾಯಿಂಟ್ ತಗೊಂಡ ನಾ ಏನ ಮಾಡ್ಲಿರಿ? ಬರೂಮುಂದ ನಾಕ ಸಾಬಾಣ ತಗೊಂಡ ಬರ್ರಿ ಸಾಕು.'

ಸರ್ ತಕ್ಷಣ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು. ಅಂಗಡಿಯ ಚೀಟಿ ಇರಬೇಕೆಂದು ಅಕ್ಕೋರು ಇಣುಕಿದರು: 'ಸಾಬೂನಿನ ಕುರಿತು ಶಿಕ್ಷಕಿಯರ ಮನೋಭಾವ: ಒಂದು ಅಧ್ಯಯನ.'